ಹುಡುಗನ ಸಂಜೆ ಯಾರ ಕೈಯಲ್ಲಿ?

ಗಂಗೊಳ್ಳಿ ಬಂದರಿನಲ್ಲಿ ನಿಂತರೆ ಕುಂದಾಪುರ ಎದುರಿಗೇ ಕಾಣುತ್ತದೆ. ನಡುವೆ ಪಂಚಗಂಗಾವಳಿ ಹೊಳೆ. ದೋಣಿಯಲ್ಲಾದರೆ ಹತ್ತಿರ, ರಸ್ತೆಯಲ್ಲಾದರೆ ಮುಳ್ಳಿಕಟ್ಟೆಗೆ ಹೋಗಿ ಹೆದ್ದಾರಿ ಹಿಡಿದು ಹೆಮ್ಮಾಡಿ, ತಲ್ಲೂರು ಸುತ್ತಿ ಬರಬೇಕು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಉದ್ದಕ್ಕೆ ಹಬ್ಬಿದ ಊರು. ಖಾರ್ವಿಯವರು, ಮೊಗವೀರರು, ಜಿಎಸ್‌ಬಿಯವರು, ನವಾಯತರು, ಕ್ರೈಸ್ತರು ಎಲ್ಲ ಒಂದೇ ಪಟ್ಟಿಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಯಾರ ಮಗ ಯಾರ ಅಂಗಡಿ ಜಗಲಿಯಲ್ಲಿ ಕೂತಿದ್ದ ಎಂಬ ಸುದ್ದಿ ಆ ಮಗನಿಗಿಂತ ಮೊದಲು ಮನೆ ಮುಟ್ಟುವಂಥ ಊರು. ಆದ್ದರಿಂದಲೇ ಇರಬೇಕು, ಅಪರಾಧ ತಡೆಯ ಮಾತು ಬಂದರೆ ನಮ್ಮ ಕಡೆಯವರಿಗೆ ಬೆಂಗಳೂರು ನೆನಪಾಗುತ್ತದೆ, ಹೆಚ್ಚೆಂದರೆ ಮಂಗಳೂರು, ಈಚೆಗೆ ಮಣಿಪಾಲ. ಊರಿನೊಳಗಿನದು 'ಹುಡುಗರ ಗಲಾಟೆ', ಪೇಟೆಯದು 'ಕ್ರೈಮು'.

ಈ ಗೆರೆ ಅಳಿಸಿ ಬಹಳ ಕಾಲವಾಯಿತು. ಗಾಂಜಾ ಪೊಟ್ಟಣಕ್ಕೆ ಬಸ್ಸು ಸಾಕು, ಬೆಟ್ಟಿಂಗಿಗೆ ಮೊಬೈಲು ಸಾಕು. ಕಮಿಷನ್ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನು ಯಾರದೋ ಸೈಬರ್ ವಂಚನೆಯ ಹಣ ದಾಟಿಸಲು ಕೊಡುವುದಕ್ಕಂತೂ ಮನೆ ಬಿಟ್ಟು ಹೊರಡಲೂ ಬೇಕಿಲ್ಲ. ಸಣ್ಣ ಬಂದರು ಊರೊಂದನ್ನು ಹತ್ತಿರದಿಂದ ನೋಡಿದರೆ ನಗರಗಳ ಪ್ರಶ್ನೆಯೂ ಹೆಚ್ಚು ಸ್ಪಷ್ಟವಾಗುತ್ತದೆ ಎಂದು ನನಗನಿಸುತ್ತದೆ. ಏಕೆಂದರೆ ಇಲ್ಲಿ ಬಡತನ, ಕೊಳೆಗೇರಿ, ಒಡೆದ ಕುಟುಂಬ ಎಂಬ ಸಿದ್ಧ ಕಾರಣಗಳನ್ನು ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಅಂಕಿಗಳನ್ನು ಒಮ್ಮೆ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದಂತೆ 2022ರಲ್ಲಿ 18 ತುಂಬದವರ ಮೇಲೆ ದಾಖಲಾದ ಪ್ರಕರಣಗಳು 30,555. ಸಿಕ್ಕಿಬಿದ್ದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ 16ರಿಂದ 18ರೊಳಗಿನವರು. ಬ್ಯೂರೊದ ವರದಿಗಳು ವರ್ಷ ವರ್ಷವೂ ಹೇಳುವ ಇನ್ನೊಂದು ಮಾತಿದೆ: ಇವರಲ್ಲಿ ಬಹುಪಾಲು ಹುಡುಗರು ಅಪ್ಪ ಅಮ್ಮನ ಜೊತೆಗೇ ಇದ್ದವರು. ದಿಕ್ಕಿಲ್ಲದ ಅನಾಥ ಬಾಲಕ ಕಳ್ಳನಾಗುವ ಸಿನಿಮಾ ಕಥೆ ಲೆಕ್ಕದ ಪುಸ್ತಕದಲ್ಲಿ ಅಪರೂಪ. ಹತ್ತನೆಯದರ ಆಸುಪಾಸಿನಲ್ಲಿ ಶಾಲೆಯ ಕೈ ತಪ್ಪಿದ, ಕೆಲಸದ ಕೈಗೆ ಇನ್ನೂ ಸಿಗದ, ರಾತ್ರಿ ಊಟಕ್ಕೆ ಮನೆಗೇ ಬರುವ ಹುಡುಗನೇ ಹೆಚ್ಚು.

ಉಡುಪಿ ಜಿಲ್ಲೆಯಲ್ಲಿ ಈ ಹುಡುಗ ಕಣ್ಣಿಗೆ ಬೀಳುವುದು ಇನ್ನೂ ಕಷ್ಟ. 2025ರ ದ್ವಿತೀಯ ಪಿಯುಸಿಯಲ್ಲಿ ಜಿಲ್ಲೆ ಶೇ. 93.90 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಶೇ. 89.96 ಬಂದು ದಕ್ಷಿಣ ಕನ್ನಡದ ನಂತರ ಎರಡನೆಯದಾಯಿತು. ಸಂತೋಷವೇ. ಆದರೆ ಎಲ್ಲರೂ ಪಾಸಾಗುವ ಊರಿನಲ್ಲಿ ಫೇಲಾದವನ ಮುಖ ಎತ್ತಲಾಗದ ಸ್ಥಿತಿ ಬೇರೆಯೇ. ಕಲ್ಯಾಣ ಕರ್ನಾಟಕದ ಹಳ್ಳಿಯೊಂದರಲ್ಲಿ ಅವನಿಗೆ ಜೊತೆಗಾರರು ಹತ್ತು ಮಂದಿ ಇದ್ದಾರು. ಇಲ್ಲಿ ಅವನು ಒಂಟಿ. ಡಿಸೆಂಬರ್ 2023ರಲ್ಲಿ ಆರಂಭವಾದ ನಿರುದ್ಯೋಗ ಭತ್ಯೆ ಯುವನಿಧಿ ತಿಂಗಳಿಗೆ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಹತ್ತನೆಯದರಲ್ಲಿ ನಿಂತವನ ಹೆಸರು ಆ ಪಟ್ಟಿಯಲ್ಲೂ ಇಲ್ಲ. ಅಪ್ಪ ಬೋಟು ನಡೆಸುವ ತಂಡೇಲನಾಗಿದ್ದರೂ ಮಗನಿಗೆ ಬೋಟು ಹತ್ತುವ ಮನಸ್ಸಿಲ್ಲ. ಬೋಟಿನ ಕಲಾಸಿ ಕೆಲಸಕ್ಕೆ ಈಗ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಬಂದಿದ್ದಾರೆ. ಇವನು ಪಾಸ್‌ಪೋರ್ಟ್ ಮಾಡಿಸಿ ಗಲ್ಫಿನ ವೀಸಾ ಕಾಯುತ್ತಾನೆ. ಕಾಯುವುದು ಒಂದು ವರ್ಷವಾಗಬಹುದು, ಮೂರಾಗಬಹುದು. ನಮ್ಮ ಪ್ರಶ್ನೆ ಹುಟ್ಟುವುದು ಆ ಕಾಯುವಿಕೆಯೊಳಗೆ.

ಪಂಡಿತರು ಈ ಬಗ್ಗೆ ನೂರು ವರ್ಷದಿಂದ ಬರೆದಿದ್ದಾರೆ. ಚಿಕಾಗೊದ ಶಾ ಮತ್ತು ಮೆಕೇ 1942ರಲ್ಲಿ ತೋರಿಸಿದ್ದು, ಜನ ಬದಲಾದರೂ ಕೆಲವು ಬಡಾವಣೆಗಳಲ್ಲಿ ಬಾಲಾಪರಾಧ ಬದಲಾಗುವುದಿಲ್ಲ ಎಂದು. ಅಂದರೆ ದೋಷ ಜನಾಂಗದ್ದಲ್ಲ, ನೆರೆಹೊರೆ ಸಡಿಲವಾದದ್ದರದು. ಟ್ರಾವಿಸ್ ಹಿರ್ಶಿ 1969ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದ: ಹುಡುಗರು ತಪ್ಪು ಮಾಡುವುದೇಕೆ ಎಂದು ಕೇಳಬೇಡಿ, ಹೆಚ್ಚಿನವರು ಮಾಡದೆ ಇರುವುದೇಕೆ ಎಂದು ಕೇಳಿ. ಮನೆ, ಶಾಲೆ, ಕೆಲಸ, ನಂಬಿಕೆ ಇವುಗಳ ಕಟ್ಟು ಹಿಡಿದಿರುತ್ತದೆ ಎಂಬುದು ಅವನ ಉತ್ತರ. ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು 1997ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬೀದಿಯಲ್ಲಿ ಹುಡುಗರು ಗೋಡೆಗೆ ಬಣ್ಣ ಬಳಿಯುತ್ತಿದ್ದರೆ, ಶಾಲೆ ತಪ್ಪಿಸಿ ನಿಂತಿದ್ದರೆ ನೆರೆಯವರು ಮಾತನಾಡಿಸುತ್ತಾರೆಯೇ ಎಂದು ಸಾವಿರಾರು ಜನರನ್ನು ಕೇಳಿದರು. ಮಾತನಾಡಿಸುವ ಬಡಾವಣೆಗಳಲ್ಲಿ, ಅವು ಬಡವಾಗಿದ್ದರೂ, ಹಿಂಸೆ ಕಡಿಮೆ ಇತ್ತು.

ಇದನ್ನೆಲ್ಲ ಓದಿದ ಗಂಗೊಳ್ಳಿಯವನು ನಕ್ಕಾನು. 'ಹ್ವಾಯ್, ಯಾರ್ ಮಗ ಮರಾಯ ನೀನ್?' ಎಂದು ಕೇಳದೆ ಇಲ್ಲಿ ಅಪರಿಚಿತ ಹುಡುಗನನ್ನು ಯಾರೂ ಬೀದಿ ದಾಟಲು ಬಿಡುವುದಿಲ್ಲ. ಹಿರ್ಶಿ ಹೇಳಿದ ಕಟ್ಟಿಗೆ ಇಲ್ಲಿ ಕೊರತೆಯಿಲ್ಲ. ಜಾತಿ ಸಂಘವಿದೆ, ಗರಡಿಯಿದೆ, ಜಮಾಅತ್ ಇದೆ, ಚರ್ಚಿನ ಯುವ ಸಂಚಲನವಿದೆ, ಭಜನಾ ಮಂಡಳಿಯಿದೆ, ಪ್ರತಿ ಕೇರಿಗೂ ಒಂದು ಫ್ರೆಂಡ್ಸ್ ಕ್ಲಬ್ಬು, ಅದಕ್ಕೊಂದು ಕ್ರಿಕೆಟ್ ಜೆರ್ಸಿ. ಕರಾವಳಿಯ ವಿಚಿತ್ರವೆಂದರೆ, ಹುಡುಗರನ್ನು ಠಾಣೆಗೆ ಮುಟ್ಟಿಸುವ ದೊಡ್ಡ ಪ್ರಕರಣಗಳು ಹುಟ್ಟುವುದು ಕಟ್ಟು ಸಡಿಲವಾದಾಗಲ್ಲ, ಬಿಗಿಯಾದಾಗ.

2014ರ ಕೊನೆಯಲ್ಲಿ ಗಂಗೊಳ್ಳಿಯಲ್ಲಿ ಅಂಗಡಿಗೆ ಬೆಂಕಿ ಬಿದ್ದು ಊರು ಉದ್ವಿಗ್ನಗೊಂಡದ್ದು ಹಲವರಿಗೆ ನೆನಪಿದೆ. 2021ರ ಅಕ್ಟೋಬರ್‌ನಲ್ಲಿ ಗೋಹತ್ಯೆ ವಿರೋಧಿಸಿ ದೊಡ್ಡ ಮೆರವಣಿಗೆ ನಡೆಯಿತು. ಅದರ ಬೆನ್ನಿಗೇ ಬಂದರಿನ ಮೀನು ವ್ಯಾಪಾರದಲ್ಲಿ ಕೊಡುವವರು ಕೊಳ್ಳುವವರ ನಡುವೆ ಬಹಿಷ್ಕಾರದ ಮಾತು ಬಂತು. 2022ರ ಫೆಬ್ರವರಿಯಲ್ಲಿ ಹೊಳೆಯಾಚೆ ಕುಂದಾಪುರದ ಸರ್ಕಾರಿ ಪಿಯು ಕಾಲೇಜಿನ ಗೇಟಿನ ಹೊರಗೆ ಹಿಜಾಬ್ ತೊಟ್ಟ ಹುಡುಗಿಯರು ನಿಂತರು, ಕೇಸರಿ ಶಾಲು ಹೊದ್ದ ಹುಡುಗರೂ ಬಂದರು. ಮೂರೂ ಒಂದೇ ತೂಕದವಲ್ಲ, ಅವುಗಳಲ್ಲಿ ಕೆಲವು ಅಪರಾಧವೂ ಅಲ್ಲ. ಆದರೆ ಹದಿನೇಳರ ಹುಡುಗನನ್ನು ಒಂದು ವಾಟ್ಸ್‌ಆ್ಯಪ್ ಸಂದೇಶದಲ್ಲಿ ಸಾಲಿಗೆ ತಂದು ನಿಲ್ಲಿಸುವ ಶಕ್ತಿ ಯಾರಿಗಿದೆ ಎಂಬುದನ್ನು ಮೂರೂ ತೋರಿಸಿದವು. ಆ ಶಕ್ತಿ ಶಾಲೆಗಿಲ್ಲ, ಪಂಚಾಯತಿಗಿಲ್ಲ, ಹೆಚ್ಚಿನ ಸಲ ಅಪ್ಪನಿಗೂ ಇಲ್ಲ. ಸಂಜೆ ಐದರಿಂದ ಒಂಬತ್ತರವರೆಗೆ ಅವನ ಜೊತೆ ಇರುವವರಿಗಿದೆ. ವಾಲಿಬಾಲ್ ನೆಟ್ಟು ಕಟ್ಟಿಸಿಕೊಟ್ಟವರು, ಆಸ್ಪತ್ರೆಗೆ ರಕ್ತ ಬೇಕೆಂದಾಗ ಬೈಕ್ ಹತ್ತಿಸಿದವರು, ನೆರೆ ಬಂದಾಗ ಅಕ್ಕಿ ಹೊರಿಸಿದವರು ಒಂದು ದಿನ 'ಬಾ' ಅಂದರೆ ಅವನು ಹೋಗದೆ ಇರಲಾರ. ಸಂಘಟನೆಯನ್ನು ಬೈಯುವ ಮೊದಲು ಆ ನೆಟ್ಟನ್ನು ನಾವ್ಯಾಕೆ ಕಟ್ಟಿಸಲಿಲ್ಲ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಸರ್ಕಾರದ ಉತ್ತರ ಸಾಮಾನ್ಯವಾಗಿ ಪಡೆಯ ರೂಪದಲ್ಲಿ ಬರುತ್ತದೆ. 2023ರಲ್ಲಿ ಮಂಗಳೂರಿನಲ್ಲಿ ಕೋಮು ನಿಗ್ರಹಕ್ಕೆ ಪ್ರತ್ಯೇಕ ಘಟಕ ಘೋಷಣೆಯಾಯಿತು. 2025ರ ಮೇ ತಿಂಗಳ ಸರಣಿ ಹತ್ಯೆಗಳ ನಂತರ ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ವಿಶೇಷ ಕಾರ್ಯಪಡೆ ಬಂತು. ನಕ್ಸಲ್ ನಿಗ್ರಹ ಪಡೆಯಿಂದ 248 ಮಂದಿಯನ್ನು ಅದಕ್ಕೆ ಕೊಟ್ಟರು. ಗಡೀಪಾರಿನ ಪಟ್ಟಿಗಳು ಹೊರಟವು. ಬೆಂಕಿ ಹತ್ತಿದಾಗ ಇದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದು ತಡೆಯಲ್ಲ, ನಿಗ್ರಹ. ಗಣೇಶ ಚೌತಿಗೆ ಮುಂಚೆ ತಹಶೀಲ್ದಾರರ ಮುಂದೆ ಶಾಂತಿ ಕಾಪಾಡುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟು ಬಂದ ಇಪ್ಪತ್ತರ ಹುಡುಗ ಊರಿಗೆ ಹಿಂದಿರುಗುವಾಗ ತನ್ನ ಗುಂಪಿನಲ್ಲಿ ಒಂದು ಮೆಟ್ಟಿಲು ಮೇಲೇರಿರುತ್ತಾನೆ ಎಂಬುದನ್ನು ಠಾಣೆಯವರೂ ಬಲ್ಲರು.

ಹೆದರಿಸಿದರೆ ಸರಿಹೋಗುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಸ್ಟೇಷನ್ನಿಗೆ ಕರೆಸಿ ಎರಡು ಬಿಟ್ಟು ಕಳಿಸಿ ಎಂದು ಅಪ್ಪಂದಿರೇ ಕೈಮುಗಿಯುತ್ತಾರೆ. ಈ ನಂಬಿಕೆಯನ್ನು ಅಮೆರಿಕದಲ್ಲಿ ದೊಡ್ಡದಾಗಿ ಪರೀಕ್ಷಿಸಿ ನೋಡಿಯಾಗಿದೆ. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾವೇ ಜೈಲಿಗೆ ಪುಂಡ ಹುಡುಗರನ್ನು ಕರೆದೊಯ್ದು ಜೀವಾವಧಿ ಕೈದಿಗಳಿಂದ ಗದರಿಸುವ ಕಾರ್ಯಕ್ರಮ ಶುರುವಾಯಿತು. ಅದರ ಸಾಕ್ಷ್ಯಚಿತ್ರ ಆಸ್ಕರ್ ಕೂಡ ಗೆದ್ದಿತು. ಮುಂದೆ ಆಂಥನಿ ಪೆಟ್ರೊಸಿನೊ ತಂಡ ಇಂಥ ಕಾರ್ಯಕ್ರಮಗಳ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಜೈಲು ನೋಡಿ ಬಂದ ಹುಡುಗರು ನೋಡದವರಿಗಿಂತ ಹೆಚ್ಚು ಅಪರಾಧ ಮಾಡಿದ್ದರು. ಇನ್ನೂ ಬೇಸರ ತರಿಸುವುದು ಕೇಂಬ್ರಿಜ್–ಸಾಮರ್‌ವಿಲ್ ಪ್ರಯೋಗ. 1939ರಿಂದ ಐದಾರು ವರ್ಷ ಹುಡುಗರಿಗೆ ಸಲಹೆಗಾರರು, ಪಾಠ, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಮೂವತ್ತು ವರ್ಷದ ಮೇಲೆ ಜೋನ್ ಮೆಕಾರ್ಡ್ ಅವರನ್ನೆಲ್ಲ ಹುಡುಕಿ ಲೆಕ್ಕ ಹಾಕಿದಾಗ, ನೆರವು ಪಡೆದವರ ಬದುಕೇ ಹಲವು ವಿಧದಲ್ಲಿ ಹದಗೆಟ್ಟಿತ್ತು. ಪುಂಡರನ್ನೆಲ್ಲ ಒಂದೇ ಶಿಬಿರದಲ್ಲಿ ಕೂಡಿಹಾಕಿದರೆ ಒಬ್ಬರಿಂದೊಬ್ಬರು ಕಲಿಯುತ್ತಾರೆ ಎಂಬುದು ಆಮೇಲೆ ಕೊಟ್ಟ ವಿವರಣೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಒಳ್ಳೆಯದನ್ನೇ ಮಾಡುತ್ತದೆ ಎನ್ನುವವರು ಇದನ್ನು ಮರೆಯಬಾರದು.

ಸಿಸಿಟಿವಿಯ ಮೇಲೂ ನಮಗೆ ಭಕ್ತಿ ಹೆಚ್ಚು. ಕುಂದಾಪುರದ ಕಡೆ ದೇವಸ್ಥಾನ, ಸಹಕಾರಿ ಸಂಘಗಳ ಕ್ಯಾಮೆರಾಗಳನ್ನು ರಾತ್ರಿಯಿಡೀ ಕೂತು ನೋಡುವ ವ್ಯವಸ್ಥೆ ಬಂದು ಕೆಲವು ಕಳ್ಳರು ಸಿಕ್ಕಿಬಿದ್ದದ್ದೂ ನಿಜ. ವೆಲ್ಶ್ ಮತ್ತು ಫ್ಯಾರಿಂಗ್ಟನ್ ಮಾಡಿದ ಸಮೀಕ್ಷೆಗಳಲ್ಲಿ ಕ್ಯಾಮೆರಾದ ಗುಣ ಚೆನ್ನಾಗಿ ಕಂಡದ್ದು ವಾಹನ ನಿಲ್ದಾಣಗಳಲ್ಲಿ. ಹೊಡೆದಾಟದ ಮೇಲೆ ಅದರ ಪ್ರಭಾವ ಇಲ್ಲವೆನ್ನುವಷ್ಟು ಕಡಿಮೆ. ಅದೇ ವಿದ್ವಾಂಸರು ಬೀದಿದೀಪಕ್ಕೆ ಹೆಚ್ಚು ಅಂಕ ಕೊಟ್ಟಿದ್ದಾರೆ. ದೀಪ ಇದ್ದರೆ ಜನ ಓಡಾಡುತ್ತಾರೆ, ಜನ ಓಡಾಡಿದರೆ ಮಾತನಾಡಿಸುವವರು ಇರುತ್ತಾರೆ.

ಹಾಗಾದರೆ ಫಲ ಕೊಟ್ಟದ್ದು ಯಾವುದು? ನನ್ನ ಮಟ್ಟಿಗೆ ಗಂಗೊಳ್ಳಿಗೆ ಹೇಳಿ ಮಾಡಿಸಿದಂತಿರುವವು ಎರಡು. ಮೊದಲನೆಯದು ಐಸ್ಲೆಂಡ್, ಅದೂ ಮೀನುಗಾರರ ದೇಶವೇ. 1998ರಲ್ಲಿ ಅಲ್ಲಿ 15–16ರ ಮಕ್ಕಳಲ್ಲಿ ಶೇ. 42ರಷ್ಟು ಮಂದಿ ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡವರು. 2016ರ ಹೊತ್ತಿಗೆ ಅದು ಶೇ. 5ಕ್ಕೆ ಇಳಿಯಿತು. ಉಪದೇಶದಿಂದ ಇಳಿದದ್ದಲ್ಲ. ಪ್ರತಿ ಮಗುವಿನ ಆಟಕ್ಕೆ, ಸಂಗೀತಕ್ಕೆ ನಗರಸಭೆ ದುಡ್ಡು ಕೊಟ್ಟಿತು. ರಾತ್ರಿ ಇಂತಿಷ್ಟು ಗಂಟೆಯ ಮೇಲೆ ಮಕ್ಕಳು ಹೊರಗಿರಕೂಡದೆಂಬ ನಿಯಮವನ್ನು ತಂದೆತಾಯಂದಿರು ತಾವೇ ಬೀದಿ ಸುತ್ತಿ ಜಾರಿಮಾಡಿದರು. ಶಾಲೆಶಾಲೆಯ ಸಮೀಕ್ಷೆಯ ಫಲ ಆಯಾ ಊರಿಗೆ ಬೇಗನೆ ಮುಟ್ಟಿತು. ಕೊನೆಯದನ್ನು ನಮ್ಮವರು ಯಾವತ್ತೂ ಬಿಟ್ಟುಬಿಡುತ್ತಾರೆ. ಗಂಗೊಳ್ಳಿಯ ಯಾವ ಶಾಲೆಯಿಂದ ಈ ವರ್ಷ ಎಷ್ಟು ಮಂದಿ ಹೊರಬಿದ್ದರು ಎಂದು ಕೇಳಿದರೆ ಉತ್ತರ ಶಾಲೆಯಲ್ಲಿರುತ್ತದೆ, ಮೇಲಿನ ಕಚೇರಿಯಲ್ಲಿರುತ್ತದೆ, ಊರಿನಲ್ಲಿ ಇರುವುದಿಲ್ಲ.

ಎರಡನೆಯದು ಚಿಕಾಗೊದ ಬೇಸಿಗೆ ಕೆಲಸ. 2012ರಲ್ಲಿ ಹಿಂಸೆ ಹೆಚ್ಚಿದ ಬಡಾವಣೆಗಳ ಹೈಸ್ಕೂಲ್ ಹುಡುಗರಲ್ಲಿ ಚೀಟಿ ಎತ್ತಿ ಕೆಲವರಿಗೆ ಎಂಟು ವಾರದ ಅರೆಕಾಲಿಕ ಕೆಲಸ ಕೊಟ್ಟರು. ದೊಡ್ಡ ಕೆಲಸವೇನಲ್ಲ; ತೋಟ ನೋಡುವುದು, ಶಿಬಿರದಲ್ಲಿ ಚಿಕ್ಕಮಕ್ಕಳನ್ನು ನೋಡಿಕೊಳ್ಳುವುದು ಇಂಥವು. ಕೆಲಸಕ್ಕೆ ಸರಿಯಾಗಿ ಬಂದನೇ ಎಂದು ನೋಡಲು ಒಬ್ಬ ಹಿರಿಯ. ಸಾರಾ ಹೆಲ್ಲರ್ 2014ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಹದಿನಾರು ತಿಂಗಳಲ್ಲಿ ಈ ಹುಡುಗರು ಹಿಂಸಾಕೃತ್ಯಕ್ಕೆ ಬಂಧಿತರಾಗುವುದು ಶೇ. 43ರಷ್ಟು ಕಡಿಮೆಯಾಯಿತು. ಹೆಚ್ಚಿನ ಇಳಿಕೆ ಕಂಡದ್ದು ಕೆಲಸ ಮುಗಿದ ಮೇಲಿನ ತಿಂಗಳುಗಳಲ್ಲಿ. ಅಂದರೆ ಹುಡುಗರು ಬಿಡುವಿಲ್ಲದೆ ಸುಮ್ಮನಿದ್ದದ್ದಲ್ಲ, ಒಳಗೆ ಏನೋ ಬದಲಾಗಿತ್ತು.

ಎಂಟು ವಾರ. ನಮ್ಮ ಕಡಲಲ್ಲಿ ಯಾಂತ್ರೀಕೃತ ಬೋಟುಗಳಿಗೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಬೋಟುಗಳೆಲ್ಲ ಹೊಳೆಯೊಳಗೆ ಕಟ್ಟಿನಿಂತಿರುತ್ತವೆ. ಹೊರರಾಜ್ಯದ ಕಲಾಸಿಗಳು ಊರಿಗೆ ಹೋಗಿರುತ್ತಾರೆ. ಬಂದರಿನಲ್ಲಿ ಐಸು ಪುಡಿಮಾಡುವವನಿಂದ ಹಿಡಿದು ಚಾ ಅಂಗಡಿಯವನವರೆಗೆ ಕೈಯಲ್ಲಿ ಕಾಸಿಲ್ಲ. ಹತ್ತನೆಯದರ, ಪಿಯುಸಿಯ ಫಲಿತಾಂಶ ಬಂದಿರುತ್ತದೆ. ಹೊಸ ತರಗತಿಗೆ ಹೋಗುವವರು ಹೋಗಿರುತ್ತಾರೆ, ಉಳಿದವನು ಮಳೆ ನೋಡುತ್ತ ಕೂತಿರುತ್ತಾನೆ. ಇಸ್ಪೀಟು ಮಂಡಲ, ಓಸಿ ಚೀಟಿ, ಮೊಬೈಲಿನ ಜೂಜು, ಯಾರದೋ ಅಕ್ರಮ ಮರಳು ಗಾಡಿಗೆ ಮುಂದೆ ಬೈಕಿನಲ್ಲಿ ಹೋಗಿ ದಾರಿ ನೋಡಿಕೊಡುವ ಕೆಲಸ ಇವೆಲ್ಲ ಅವನನ್ನು ಹುಡುಕಿಕೊಂಡು ಬರುವುದು ಈ ಎರಡು ತಿಂಗಳಲ್ಲಿ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿದೆ, ಸರಿ. ಆಡುವ ಕೈಗೆ ಬೇರೆ ಕೆಲಸ ಕೊಡುವುದು ಯಾರ ಜವಾಬ್ದಾರಿ ಎಂದು ಕಾನೂನು ಹೇಳುವುದಿಲ್ಲ.

ಕೆಲಸ ಇಲ್ಲವೆಂದಲ್ಲ. ಮಳೆಗಾಲದಲ್ಲೇ ಬಲೆ ಹೆಣೆಯುವುದು, ಬೋಟಿಗೆ ಬಣ್ಣ, ಎಂಜಿನ್ ಬಿಚ್ಚಿ ರಿಪೇರಿ. ಅರಣ್ಯ ಇಲಾಖೆ ಪಂಚಗಂಗಾವಳಿಯ ನಡುಗಡ್ಡೆಗಳಾದ ಕುದ್ರುಗಳಲ್ಲಿ ಕಾಂಡ್ಲಾ ಗಿಡ ನೆಡಿಸುತ್ತದೆ. ಹೊಳೆಯ ಬಾಯಲ್ಲಿ ಪ್ಲಾಸ್ಟಿಕ್ ರಾಶಿ ಬಿದ್ದಿರುತ್ತದೆ. ಹದಿನಾಲ್ಕು ದಾಟಿದವರು ಅಪಾಯವಿಲ್ಲದ ಕೆಲಸ ಮಾಡಲು ಕಾನೂನಿನ ಅಡ್ಡಿಯಿಲ್ಲ. ಬೇಕಾದದ್ದು ಹಾಜರಿ ಹಾಕುವ ಒಬ್ಬ ಹಿರಿಯ ಮತ್ತು ವಾರದ ಕೊನೆಗೆ ಕೈಗೆ ಬರುವ ಸಂಬಳ. ಆ ಹಿರಿಯ ಮೇಷ್ಟ್ರೇ ಆಗಬೇಕಿಲ್ಲ. ಎಂಜಿನ್ ಬಿಚ್ಚುವ ಮೇಸ್ತ್ರಿಯ ಮಾತಿಗೆ ಈ ಹುಡುಗರಲ್ಲಿ ಇರುವ ಬೆಲೆ ಯಾವ ಪ್ರಿನ್ಸಿಪಾಲರಿಗೂ ಇಲ್ಲ.

ಇದು ನಮಗೆ ಹೊಸ ಯೋಚನೆಯೂ ಅಲ್ಲ. ಇದೇ ಕರಾವಳಿಯಿಂದ ಮುಂಬಯಿಗೆ ಓಡಿಹೋದ ಹುಡುಗರು ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯೂ ಅಂಥ ಶಾಲೆ ನಡೆಸಿತು. ಅಪರಾಧ ತಡೆಯುತ್ತೇವೆ ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಊರಿನ ಹುಡುಗ ಮಹಾನಗರದಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಎಲ್ಲಿದ್ದಾನೆಂಬುದು ಊರಿನವರಿಗೆ ಗೊತ್ತಿರುತ್ತಿತ್ತು, ಅಷ್ಟೆ. ಮುಂಬಯಿಯ ಭೂಗತ ಲೋಕಕ್ಕೆ ಕರಾವಳಿಯ ಹೆಸರುಗಳು ಸೇರಿದ್ದೂ ಅದೇ ನಗರದಲ್ಲಿ ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಆ ರಾತ್ರಿಶಾಲೆಗಳ ನಿಜವಾದ ಬೆಲೆ ತಿಳಿಯುತ್ತದೆ.

ಕುಂದಾಪುರ ತಾಲ್ಲೂಕಿನ ಒಳನಾಡಿನಲ್ಲಿ ಇನ್ನೊಂದು ಪ್ರಯೋಗ ನಡೆದಿದೆ. ದುಡಿಯುವ ಮಕ್ಕಳ ನಡುವೆ ಕೆಲಸ ಮಾಡಿದ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ ಕನ್ಯಾನದಲ್ಲಿ 'ನಮ್ಮಭೂಮಿ' ಕಟ್ಟಿತು. ಅಲ್ಲಿ ಶಾಲೆ ಬಿಟ್ಟವರು ಕಸುಬು ಕಲಿತರು. 1990ರಲ್ಲಿ ಹುಟ್ಟಿದ ಭೀಮಸಂಘ ದುಡಿಯುವ ಮಕ್ಕಳದೇ ಸಂಘ. ಕೆರಾಡಿಯಂಥ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿಗೆ ಮಕ್ಕಳೇ ಚುನಾವಣೆ ನಡೆಸಿ, ಹಿರಿಯರ ಪಂಚಾಯತಿಯ ಮುಂದೆ ಪಟ್ಟಿ ಹಿಡಿದು ಕೂತರು. ಮುಂದೆ 2006ರಲ್ಲಿ ರಾಜ್ಯ ಸರ್ಕಾರ ಮಕ್ಕಳ ಗ್ರಾಮಸಭೆಗೆ ಸುತ್ತೋಲೆ ಹೊರಡಿಸಲು ಇಂಥ ಅನುಭವ ಹಿನ್ನೆಲೆಯಲ್ಲಿತ್ತು. ಇವತ್ತು ಮಕ್ಕಳ ಗ್ರಾಮಸಭೆ ಎಲ್ಲ ಕಡೆಯೂ ನಡೆಯುತ್ತದೆ. ಹೆಚ್ಚಿನ ಕಡೆ ಸಮವಸ್ತ್ರದ ಮಕ್ಕಳನ್ನು ಸಾಲಾಗಿ ಕೂರಿಸಿ, ಶೌಚಾಲಯಕ್ಕೆ ಬಾಗಿಲಿಲ್ಲ ಎಂಬ ಅಹವಾಲು ಬರೆದುಕೊಂಡು, ಬಿಸ್ಕತ್ತು ಕೊಟ್ಟು ಕಳಿಸುತ್ತಾರೆ. ಶಾಲೆ ಬಿಟ್ಟವನಿಗೆ ಆ ಸಭೆಗೆ ಕರೆಯೇ ಇಲ್ಲ. ಯಾರಿಗಾಗಿ ಶುರುವಾದದ್ದೋ ಅವನೇ ಹೊರಗೆ.

ಇಷ್ಟೆಲ್ಲ ಆದಮೇಲೂ ಒಬ್ಬ ಹುಡುಗ ತಪ್ಪು ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಹದಿನಾರರವನು, ದಡದಲ್ಲಿ ಕಟ್ಟಿದ ದೋಣಿಯಿಂದ ಏನೋ ಬಿಚ್ಚಿ ಗುಜರಿಗೆ ಮಾರಿದ. ಬಾಲನ್ಯಾಯ ಕಾಯ್ದೆ 2015 ಮತ್ತು ಅದರ ನಿಯಮಗಳ ಪ್ರಕಾರ ಅವನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಘೋರ ಅಪರಾಧವಾಗಿದ್ದರೆ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಮಾತ್ರ ಎಫ್‌ಐಆರ್. ಉಳಿದದ್ದು ಠಾಣೆಯ ದಿನಚರಿಯಲ್ಲಿ ಬರೆಯಬೇಕು, ಜೊತೆಗೆ ಅವನ ಮನೆ, ಶಾಲೆ, ಗೆಳೆಯರ ಬಗ್ಗೆ ಸಾಮಾಜಿಕ ಹಿನ್ನೆಲೆ ವರದಿ. ಪ್ರತಿ ಠಾಣೆಯಲ್ಲೂ ಎಎಸ್‌ಐಗಿಂತ ಕಡಿಮೆಯಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಲಾಕಪ್ಪಿಲ್ಲ, ಬೇಡಿಯಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜಸೇವಕರು. ಬುದ್ಧಿ ಹೇಳಿ ಬಿಡಬಹುದು, ಸಮುದಾಯ ಸೇವೆ ಮಾಡಿಸಬಹುದು. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳು, ಹೆಚ್ಚೆಂದರೆ ಇನ್ನೆರಡು ತಿಂಗಳಲ್ಲಿ ಮುಗಿಯದಿದ್ದರೆ ಪ್ರಕರಣವೇ ಮುಗಿಯಿತು. ಮುಂದೆ ಉದ್ಯೋಗಕ್ಕೆ ಈ ದಾಖಲೆ ಅಡ್ಡಬರುವಂತಿಲ್ಲ. ಹದಿನೆಂಟರೊಳಗಿನವರಿಗೆ ಮದ್ಯವೋ ಮಾದಕವೋ ಕೊಟ್ಟವರಿಗೆ, ಅವರ ಕೈಯಲ್ಲಿ ಸಾಗಿಸಿದವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಬಲವಾದ ಕಾನೂನು, ಆದರೆ ಗಾಂಜಾ ಸುದ್ದಿಗಳಲ್ಲಿ ಎಳೆದವನ ಹೆಸರು ಬಂದಷ್ಟು ಸಲ ಈ ಕಲಮುಗಳ ಹೆಸರು ಬರುವುದನ್ನು ನಾನು ನೋಡಿಲ್ಲ.

ಹದಿನೆಂಟು ತುಂಬಿದ ಮರುದಿನ ಈ ಮೆತ್ತನೆಯ ನೆಲ ಸರಿದುಹೋಗುತ್ತದೆ. ಗಾಂಜಾ ಸೇದಿದ ಅನುಮಾನದ ಮೇಲೆ ಹಿಡಿದು, ವೈದ್ಯಕೀಯ ಪರೀಕ್ಷೆ ಮಾಡಿಸಿ, ಎನ್‌ಡಿಪಿಎಸ್ ಕಾಯ್ದೆಯ 27(ಬಿ) ಹಾಕಿದರೆ ಶಿಕ್ಷೆ ಆರು ತಿಂಗಳವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ. ದಂಡ ಕಟ್ಟಿ ಬರುತ್ತಾನೆ. ಮರುದಿನ ಸುದ್ದಿ ಗುಂಪುಗಳಲ್ಲಿ ಹೆಸರು, ಊರು, ವಯಸ್ಸು. ಅದೇ ಕಾಯ್ದೆಯ 64ಎ ಕಲಮಿನಂತೆ ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಹೋದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಇದು ಎಷ್ಟು ತಾಯಂದಿರಿಗೆ ಗೊತ್ತು? ಕೇಸು ಕೋರ್ಟಿನಲ್ಲಿ ಇರುವಷ್ಟು ದಿನ ಪಾಸ್‌ಪೋರ್ಟ್ ಕೈಗೆ ಸಿಗುವುದು ಕೋರ್ಟಿನ ಅನುಮತಿಯ ಮೇಲೆ. ಗಂಗೊಳ್ಳಿಯ ಹುಡುಗನಿಗೆ ಪಾಸ್‌ಪೋರ್ಟ್ ಎಂದರೆ ಬದುಕಿಗೆ ಇರುವ ಒಂದೇ ದಾರಿ. ಆ ದಾರಿ ಮುಚ್ಚಿದವನಿಗೆ ತೆರೆದಿರುವುದು ಮರಳು ಗಾಡಿಯವನ ಬಾಗಿಲು.

ಇಲ್ಲಿಯೂ ಕಾನೂನಿನ ಪೆಟ್ಟಿಗೆಯಲ್ಲಿ ಬಳಸದ ಸಾಮಾನು ಬಿದ್ದಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 21 ತುಂಬದವನನ್ನು ಜೈಲಿಗೆ ಕಳಿಸುವ ಮೊದಲು ಯಾಕೆಂದು ಕಾರಣ ಬರೆಯಿರಿ ಎಂದು ನ್ಯಾಯಾಲಯಕ್ಕೆ ಹೇಳುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಮೊದಲ ಕಳವಿಗೆ, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಶಿಕ್ಷೆ ಸಮುದಾಯ ಸೇವೆ. ಯಾವ ಸೇವೆ, ಯಾರ ಮೇಲ್ವಿಚಾರಣೆಯಲ್ಲಿ ಎಂಬುದನ್ನು ಊರು ಮೊದಲೇ ಸಿದ್ಧಮಾಡಿಟ್ಟರೆ ನ್ಯಾಯಾಧೀಶರಿಗೂ ಸುಲಭ.

ಬಂದರಿನಲ್ಲಿ ಕಳವು ಎಂಬ ಗೆರೆ ಎಲ್ಲಿ ಬೀಳುತ್ತದೆ ಎಂಬುದೂ ಸರಳವಲ್ಲ. ಬೋಟು ಖಾಲಿಯಾಗುವಾಗ ಬುಟ್ಟಿಯಿಂದ ಜಾರುವ ಬಂಗುಡೆ, ಬೂತಾಯಿಯನ್ನು ಹೆಕ್ಕುವುದು ಬಡವರ ಹಕ್ಕು ಎಂಬಂತೆ ನಡೆದುಬಂದಿದೆ. ಬಿದ್ದದ್ದನ್ನು ಹೆಕ್ಕಿದರೆ ಯಾರೂ ಕೇಳುವುದಿಲ್ಲ. ಬುಟ್ಟಿಗೆ ಕೈ ಹೋದರೆ ಬೈಗುಳ. ಹೆಕ್ಕಿದವರು ಹೊರಗಿನವರಾದರೆ ಏನಾಗುತ್ತದೆ ಎಂಬುದನ್ನು 2025ರ ಮಾರ್ಚ್‌ನಲ್ಲಿ ಮಲ್ಪೆ ತೋರಿಸಿತು. ಮೀನು ಕದ್ದಳೆಂದು ವಿಜಯನಗರ ಜಿಲ್ಲೆಯ ಕೂಲಿ ಹೆಂಗಸೊಬ್ಬರನ್ನು ಮರಕ್ಕೆ ಕಟ್ಟಿ ಹೊಡೆದರು, ಸುತ್ತ ನಿಂತವರು ವಿಡಿಯೊ ಮಾಡಿದರು. ನೆರೆಯವರು ಮಧ್ಯೆ ಬರುವ ಊರಿನಲ್ಲಿ ಅಪರಾಧ ಕಡಿಮೆ ಎಂಬ ಸ್ಯಾಂಪ್ಸನ್ ಮಾತಿಗೆ ಇದು ಅಡಿಟಿಪ್ಪಣಿ. ನಮ್ಮವರನ್ನು ಮಾತನಾಡಿಸುವ ಊರು ಹೊರಗಿನವರನ್ನು ಮರಕ್ಕೆ ಕಟ್ಟಬಲ್ಲದು. ಬೋಟಿನಲ್ಲೇ ಮಲಗುವ ಒಡಿಶಾದ ಹದಿನೆಂಟರ ಹುಡುಗನೂ ಅಪಾಯದಂಚಿನ ಯುವಕನೇ. ಅವನಿಗೆ ಕ್ಲಬ್ಬಿಲ್ಲ, ಕೇರಿಯಿಲ್ಲ, ಅವನ ಹೆಸರು ಕೂಡ ನಮಗೆ ಬೇಡ.

ಪೊಲೀಸರ ಕೆಲಸದಲ್ಲಿ ನನಗೆ ಹೆಚ್ಚು ಭರವಸೆ ಕಾಣುವುದು ಸದ್ದಿಲ್ಲದ ಕಡೆ. 2017ರಲ್ಲಿ ರಾಜ್ಯದಲ್ಲಿ ಬಂದ ಸುಧಾರಿತ ಗಸ್ತು ವ್ಯವಸ್ಥೆ ಪ್ರತಿ ಕಾನ್‌ಸ್ಟೆಬಲ್‌ಗೆ ಒಂದಿಷ್ಟು ಪ್ರದೇಶ ಒಪ್ಪಿಸಿತು. 2025ರ 'ಮನೆ ಮನೆಗೆ ಪೊಲೀಸ್' ಅದನ್ನು ಬಾಗಿಲವರೆಗೆ ತಂದಿತು. ಶಾಲಾ ಮಕ್ಕಳು ಠಾಣೆ ನೋಡುವ 'ತೆರೆದ ಮನೆ', ಕೇರಳದಲ್ಲಿ 2010ರಲ್ಲಿ ಹುಟ್ಟಿದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಇವು ಒಳ್ಳೆಯವೇ, ಆದರೆ ಅವು ಮುಟ್ಟುವುದು ಶಾಲೆಯಲ್ಲಿ ಇರುವವರನ್ನು. 2008ರ ಮುಂಬಯಿ ದಾಳಿಯ ನಂತರ ಬಲಗೊಂಡ ಕರಾವಳಿ ಕಾವಲು ಪೊಲೀಸ್ ಠಾಣೆ ಗಂಗೊಳ್ಳಿಯಲ್ಲೂ ಇದೆ. ಸ್ಥಳೀಯ ಮೀನುಗಾರ ಯುವಕರನ್ನೇ ಗೃಹರಕ್ಷಕರ ಲೆಕ್ಕದಲ್ಲಿ ಕರಾವಳಿ ನಿಯಂತ್ರಣ ದಳಕ್ಕೆ ಸೇರಿಸಿಕೊಂಡದ್ದು ಸಣ್ಣ ಸಂಖ್ಯೆಯದಾದರೂ ದೊಡ್ಡ ಪಾಠ. ಅಳಿವೆಯ ಸುಳಿ ಬಲ್ಲ ಹುಡುಗನಿಗೆ ಆ ತಿಳಿವಳಿಕೆಗೇ ಸಮವಸ್ತ್ರ ಸಿಕ್ಕಿತು, ಅಂಕಪಟ್ಟಿಗಲ್ಲ.

ಉಳಿದದ್ದು ದುಡ್ಡಿನ ಮತ್ತು ತಾರೀಖಿನ ಮಾತು. ಪಂಚಾಯತಿಗಳ ಅಭಿವೃದ್ಧಿ ಯೋಜನೆಗೆ ಜನಯೋಜನೆ ಅಭಿಯಾನ ಪ್ರತಿವರ್ಷ ಅಕ್ಟೋಬರ್ 2ಕ್ಕೆ ಆರಂಭವಾಗುತ್ತದೆ. ಜೂನ್–ಜುಲೈನ 61 ದಿನಕ್ಕೆ ನಲವತ್ತು ಹುಡುಗರ ಕೆಲಸ, ಇಬ್ಬರು ಮೇಸ್ತ್ರಿಗಳ ಸಂಬಳ, ಬಂದರಿನ ರಸ್ತೆಗೆ ಇನ್ನಷ್ಟು ದೀಪ ಬೇಕೆಂದರೆ ಆ ಸಾಲುಗಳು ಹಿಂದಿನ ಅಕ್ಟೋಬರ್‌ನಲ್ಲೇ ಬರೆದಿರಬೇಕು. ಯಾವ ನಲವತ್ತು ಹುಡುಗರು ಎಂಬ ಪಟ್ಟಿ ಶಾಲೆಯ ಮುಖ್ಯೋಪಾಧ್ಯಾಯರು, ಗಸ್ತಿನ ಕಾನ್‌ಸ್ಟೆಬಲ್, ಆಶಾ ಕಾರ್ಯಕರ್ತೆ ಮೂವರೂ ಒಂದು ಮೇಜಿನ ಸುತ್ತ ಕೂತರೆ ಅರ್ಧ ಗಂಟೆಯ ಕೆಲಸ. ಎಲ್ಲ ಸಮುದಾಯದವರೂ ಒಂದೇ ತಂಡದಲ್ಲಿ ಇರಬೇಕು, ಕೇರಿಗೊಂದು ತಂಡವಾದರೆ ಹಳೆಯ ಕ್ಲಬ್ಬೇ ಸರ್ಕಾರಿ ದುಡ್ಡಿನಲ್ಲಿ ನಡೆದಂತೆ. ಪಟ್ಟಿಯನ್ನು ಠಾಣೆಯಲ್ಲಿ ಇಡಬಾರದು, ಪಂಚಾಯತಿ ಕಚೇರಿಯಲ್ಲೇ ಇಡಬೇಕು. ಠಾಣೆಯಲ್ಲಿಟ್ಟ ಪಟ್ಟಿ ನಾಲ್ಕು ವರ್ಷದಲ್ಲಿ ಏನಾಗುತ್ತದೆಂದು ಗಂಗೊಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.